ಪಾದರಸದಿಂದ ಚಿನ್ನ ಬೇರ್ಪಡಿಸುವ ವಿಧಾನ ಮತ್ತು ಅದರಿಂದ ಪರಿಸರಕ್ಕೆ ಒದಗುವ ಅಪಾಯಗಳು

ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಅದಿರಿನ ಪುಡಿ, ಹೊಳೆಯ ಮರಳು ಹಾಗೂ ಅಕ್ಕಸಾಲಿಗರ ಅಂಗಡಿಯಲ್ಲಿ ಗುಡಿಸಿ ತೆಗೆದ ದೂಳಿನಲ್ಲಿ ಅಡಗಿರುವ ಅತಿ ಸಣ್ಣ ಚಿನ್ನದ ಕಣಗಳನ್ನು ಪಾದರಸದ ಸಹಾಯದಿಂದ ಒಟ್ಟುಗೂಡಿಸುವ ವಿಧಾನವು ಬಹಳ ಹಿಂದಿನಿಂದಲೂ ಬಳಕೆಯಲ್ಲಿದೆ. ಈ ವಿಧಾನಕ್ಕೆ ದೊಡ್ಡ ಯಂತ್ರೋಪಕರಣಗಳಾಗಲಿ, ಹೆಚ್ಚಿನ ಬಂಡವಾಳವಾಗಲಿ ಬೇಕಾಗಿಲ್ಲ. ಒಂದು ಬೋಗುಣಿ, ಒಂದು ಬಟ್ಟೆ, ಸ್ವಲ್ಪ ಪಾದರಸ ಮತ್ತು ಬೆಂಕಿ ಇದ್ದರೆ ಸಾಕು. ಈ ಕಾರಣದಿಂದಲೇ ಇದು ಪ್ರಪಂಚದ ಅನೇಕ ದೇಶಗಳಲ್ಲಿ ಬಡ ಕುಟುಂಬಗಳ ಜೀವನೋಪಾಯವಾಗಿದೆ. ಅದೇ ಕಾರಣದಿಂದ ಮಾನವ ಚಟುವಟಿಕೆಗಳಿಂದ ವಾತಾವರಣಕ್ಕೆ ಸೇರುವ ಪಾದರಸದ ಅತಿ ದೊಡ್ಡ ಮೂಲವೂ ಆಗಿದೆ.

ಪಾದರಸದ ಬಳಕೆ, ಸಂಗ್ರಹಣೆ ಮತ್ತು ವಿಲೇವಾರಿ ಕುರಿತು ಅರ್ಜಿ ಅಥವಾ ದೂರು ಸಲ್ಲಿಸಲು ಇಚ್ಛಿಸುವ ಸಾರ್ವಜನಿಕರಿಗೆ ಹಾಗೂ ಚಿನ್ನದ ಕಸುಬಿನಲ್ಲಿ ತೊಡಗಿರುವ ಕುಟುಂಬಗಳಿಗೆ ವಿಷಯದ ಪೂರ್ಣ ತಿಳಿವಳಿಕೆ ಇರಲಿ ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಒಂದು ಮುಖ್ಯ ಅಂಶವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಲಾಗಿದೆ. ಕಾಸಿದಾಗ ಪಾದರಸವು ಕಣ್ಣಿಗೆ ಕಾಣದಂತಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಅದು ಗಾಳಿಯಲ್ಲಿ, ಮನೆಯ ಗೋಡೆಯಲ್ಲಿ, ಕೆರೆಯ ಕೆಸರಿನಲ್ಲಿ, ಮೀನಿನಲ್ಲಿ ಮತ್ತು ಕೊನೆಗೆ ಮನುಷ್ಯನ ದೇಹದಲ್ಲಿ ಉಳಿಯುತ್ತದೆ.

2. ಪಾದರಸದ ಗುಣಲಕ್ಷಣಗಳು

ಸಾಮಾನ್ಯ ಉಷ್ಣಾಂಶದಲ್ಲಿ ದ್ರವರೂಪದಲ್ಲಿರುವ ಲೋಹ ಪಾದರಸ. ಇದು ನೀರಿಗಿಂತ ಸುಮಾರು 13.6 ಪಟ್ಟು ಭಾರವಾಗಿದೆ. ಸುಮಾರು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗುತ್ತದೆ. ಆದರೆ ಕುದಿಯುವವರೆಗೂ ಕಾಯಬೇಕಾಗಿಲ್ಲ. ತೆರೆದಿಟ್ಟ ಪಾದರಸವು ಕೋಣೆಯ ಸಾಮಾನ್ಯ ಉಷ್ಣಾಂಶದಲ್ಲಿಯೂ ನಿಧಾನವಾಗಿ ಆವಿಯಾಗುತ್ತಲೇ ಇರುತ್ತದೆ. ಈ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆದ್ದರಿಂದ ಉಸಿರಾಡುವವರಿಗೆ ಅದರ ಇರುವಿಕೆ ತಿಳಿಯುವುದಿಲ್ಲ.

ಚಿನ್ನವು 1,064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಎರಡು ಲೋಹಗಳ ನಡುವಿನ ಈ ಅಂತರವೇ ವಿಧಾನದ ಆಧಾರ. ಪಾದರಸವು ಚಿನ್ನವನ್ನು ತನ್ನೊಂದಿಗೆ ಸೇರಿಸಿಕೊಂಡು ಬೆಣ್ಣೆಯಂತಹ ಮಿಶ್ರಲೋಹವಾಗುತ್ತದೆ. ಇದನ್ನು ಅಮಾಲ್ಗಂ ಎಂದು ಕರೆಯುತ್ತಾರೆ. ಅಮಾಲ್ಗಮನ್ನು ಕಾಸಿದರೆ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಕಲ್ಲು, ಮರಳು ಮುಂತಾದ ಇತರ ಪದಾರ್ಥಗಳು ಪಾದರಸಕ್ಕೆ ಅಂಟುವುದಿಲ್ಲ.

3. ವಿಧಾನದ ಹಂತಗಳು ಮತ್ತು ಪ್ರತಿ ಹಂತದ ಸೋರಿಕೆ

ಈ ವಿಧಾನವು ಸಾಮಾನ್ಯವಾಗಿ ಈ ಕೆಳಕಂಡ ನಾಲ್ಕು ಹಂತಗಳಲ್ಲಿ ನಡೆಯುತ್ತದೆ.

(ಅ) ಬೆರೆಸುವುದು: ಪುಡಿ ಮಾಡಿದ ಅದಿರಿಗೆ ಅಥವಾ ತೊಳೆದು ಉಳಿಸಿಕೊಂಡ ಭಾರದ ಮರಳಿಗೆ ನೀರು ಮತ್ತು ಪಾದರಸ ಸೇರಿಸಿ ಕಲಸಲಾಗುತ್ತದೆ. ಮೊದಲೇ ತೊಳೆದು ಹಗುರವಾದ ಮರಳನ್ನು ತೆಗೆದಿದ್ದಲ್ಲಿ ಪಾದರಸ ಕಡಿಮೆ ಸಾಕಾಗುತ್ತದೆ. ಇಡೀ ಅದಿರಿಗೇ ಪಾದರಸ ಸುರಿದಾಗ ಅದರ ಬಹುಭಾಗವು ಸಣ್ಣ ಹನಿಗಳಾಗಿ ಒಡೆದು ಕೆಸರಿನೊಂದಿಗೆ ಹರಿದುಹೋಗುತ್ತದೆ.

(ಆ) ತೊಳೆಯುವುದು: ಅಮಾಲ್ಗಂ ತಳದಲ್ಲಿ ಉಳಿಯುವಂತೆ ಮರಳನ್ನು ನೀರಿನಲ್ಲಿ ತೊಳೆದು ಹಾಕಲಾಗುತ್ತದೆ. ಈ ನೀರು ಹಳ್ಳಕ್ಕೋ, ಚರಂಡಿಗೋ ಸೇರುತ್ತದೆ.

(ಇ) ಹಿಂಡುವುದು: ಅಮಾಲ್ಗಮನ್ನು ಬಟ್ಟೆ ಅಥವಾ ತೊಗಲಿನಲ್ಲಿ ಕಟ್ಟಿ ಹಿಂಡಿದಾಗ ಹೆಚ್ಚುವರಿ ಪಾದರಸ ಹೊರಬರುತ್ತದೆ. ಈ ಕೆಲಸವನ್ನು ಹೆಚ್ಚಾಗಿ ಬರಿಗೈಯಲ್ಲಿ ಮಾಡಲಾಗುತ್ತದೆ. ಹಿಂಡಿದ ನಂತರವೂ ಉಂಡೆಯ ತೂಕದಲ್ಲಿ ಅರ್ಧಕ್ಕೆ ಸಮೀಪದಷ್ಟು ಪಾದರಸವೇ ಇರುತ್ತದೆ.

(ಈ) ಕಾಸುವುದು: ಉಂಡೆಯನ್ನು ಮೂಸೆಯಲ್ಲಿ, ಬಾಣಲೆಯಲ್ಲಿ ಅಥವಾ ಸಲಿಕೆಯ ಮೇಲಿಟ್ಟು ಕಾಸಲಾಗುತ್ತದೆ. ತೆರೆದ ಬೆಂಕಿಯಲ್ಲಿ ಕಾಸಿದಾಗ ಉಂಡೆಯಲ್ಲಿನ ಪಾದರಸ ಬಹುತೇಕ ಪೂರ್ಣವಾಗಿ ಗಾಳಿಗೆ ಸೇರುತ್ತದೆ. ಎಲ್ಲಾ ಹಂತಗಳಲ್ಲಿ ಮನುಷ್ಯನಿಗೆ ಅತ್ಯಂತ ಅಪಾಯಕಾರಿಯಾದುದು ಇದೇ.

ಕಾಸಿದ ನಂತರ ಉಳಿಯುವ ರಂಧ್ರಯುಕ್ತ ಚಿನ್ನದಲ್ಲಿಯೂ ಸ್ವಲ್ಪ ಪಾದರಸ ಸೇರಿರುತ್ತದೆ. ಈ ಚಿನ್ನವನ್ನು ಕೊಂಡ ಅಂಗಡಿಯಲ್ಲಿ ಮತ್ತೊಮ್ಮೆ ಕರಗಿಸುವಾಗ ಆ ಪಾದರಸವೂ ಆವಿಯಾಗುತ್ತದೆ. ಆದುದರಿಂದ ಗಣಿಯನ್ನು ಎಂದೂ ನೋಡದ ಪೇಟೆಯ ಕುಶಲಕರ್ಮಿಯೂ ಪಾದರಸದ ಆವಿಗೆ ಒಳಗಾಗುವ ಸಂಭವವಿದೆ.

4. ಕರ್ನಾಟಕದಲ್ಲಿ ಚಿನ್ನ ತೆಗೆಯುವ ಪದ್ಧತಿಗಳು

ಅಕ್ಕಿಯನ್ನು ಜಾಲಿಸಿ ಕಲ್ಲು ತೆಗೆಯುವಂತೆ, ಹಳ್ಳದ ಮರಳನ್ನು ಮರದ ತಟ್ಟೆಯಲ್ಲಿ ಜಾಲಿಸಿ ಚಿನ್ನದ ಕಣ ತೆಗೆಯುವ ಕಸುಬು ನಮ್ಮ ನಾಡಿನಲ್ಲಿ ಹಿಂದೆ ರೂಢಿಯಲ್ಲಿತ್ತು. ಈ ಕಸುಬಿನವರನ್ನು ಜಾಲಗಾರರು ಎಂದು ಕರೆಯುತ್ತಿದ್ದರು. ಇಂದಿನ ಗದಗ ಜಿಲ್ಲೆಯ ಕಪ್ಪತಗುಡ್ಡದ ಸುತ್ತಲಿನ ಚಿನ್ನದ ನೆಲೆಗಳ ಬಗ್ಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು 1870ರ ದಶಕದಲ್ಲಿ ಬರೆದಿದ್ದಾರೆ. ಚಿನ್ನವು ಮರಳಿಗಿಂತ ಬಹಳ ಭಾರವಾದುದರಿಂದ ನೀರಿನಲ್ಲಿ ತಾನಾಗಿಯೇ ತಳ ಸೇರುತ್ತದೆ ಎಂಬುದೇ ಜಾಲಿಸುವ ಪದ್ಧತಿಯ ಮೂಲತತ್ವ.

ಕೋಲಾರ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ದೊಡ್ಡ ಪ್ರಮಾಣದ ಗಣಿಗಾರಿಕೆ ಬೆಳೆಯಿತು. ಆರಂಭದ ವರ್ಷಗಳಲ್ಲಿ ಅದಿರನ್ನು ಕುಟ್ಟಿ ಪುಡಿ ಮಾಡಿ, ಪಾದರಸ ಸವರಿದ ತಾಮ್ರದ ಹಲಗೆಗಳ ಮೇಲೆ ನೀರಿನೊಂದಿಗೆ ಹರಿಸಿ ಚಿನ್ನವನ್ನು ಹಿಡಿಯಲಾಗುತ್ತಿತ್ತು. ಹಲಗೆಗೆ ಅಂಟದೆ ಹರಿದುಹೋದ ಚಿನ್ನವನ್ನು ಪಡೆಯುವ ಸಲುವಾಗಿ 1890ರ ದಶಕದಲ್ಲಿ ಸೈನೈಡ್ ವಿಧಾನ ಬಂದಿತು. 2001ರ ಫೆಬ್ರವರಿ 28ರಂದು ಈ ಗಣಿಗಳನ್ನು ಮುಚ್ಚಲಾಯಿತು. ಸುಮಾರು 120 ವರ್ಷಗಳಲ್ಲಿ ಅಲ್ಲಿಂದ ಹೊರತೆಗೆದ ಚಿನ್ನ 800 ಟನ್‌ಗಳಷ್ಟು. ಸಂಸ್ಕರಣೆಯ ನಂತರ ಉಳಿದ ಮಣ್ಣು ಸೈನೈಡ್ ಗುಡ್ಡಗಳೆಂಬ ಹೆಸರಿನಿಂದ ಪಟ್ಟಣದ ಸುತ್ತ ಇಂದಿಗೂ ನಿಂತಿದೆ. ಬೇಸಿಗೆಯ ಗಾಳಿಗೆ ಅದರ ದೂಳು ಮನೆಗಳಿಗೆ ಬರುತ್ತದೆ. ಗಣಿ ಮುಚ್ಚಿದೊಡನೆ ಗಣಿಯ ತ್ಯಾಜ್ಯ ಮುಗಿಯುವುದಿಲ್ಲ ಎಂಬುದಕ್ಕೆ ಇದು ನಮ್ಮ ಕಣ್ಣ ಮುಂದಿರುವ ನಿದರ್ಶನ.

ರಾಯಚೂರು ಜಿಲ್ಲೆಯಲ್ಲಿ ರಾಜ್ಯ ಸರ್ಕಾರದ ಹಟ್ಟಿ ಚಿನ್ನದ ಗಣಿ ಕಂಪನಿಯು ಚಿನ್ನವನ್ನು ಉತ್ಪಾದಿಸುತ್ತಿದೆ. ಇಲ್ಲಿ ಸೈನೈಡ್ ಆಧಾರಿತ ಸಂಸ್ಕರಣೆ ಬಳಕೆಯಲ್ಲಿದೆ. ಸೈನೈಡ್ ಸಹ ತೀವ್ರ ವಿಷವಾಗಿದ್ದು, ನಿಯಂತ್ರಿತ ಘಟಕದಲ್ಲಿ ತರಬೇತಿ ಪಡೆದ ಸಿಬ್ಬಂದಿಯ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸತಕ್ಕದ್ದು. ಆದರೆ ಎರಡಕ್ಕೂ ಒಂದು ವ್ಯತ್ಯಾಸವಿದೆ. ಸೈನೈಡನ್ನು ರಾಸಾಯನಿಕವಾಗಿ ಒಡೆದು ನಿರಪಾಯಗೊಳಿಸಬಹುದು. ಪಾದರಸವು ಮೂಲಧಾತುವಾದುದರಿಂದ ಅದನ್ನು ಒಡೆಯಲು ಸಾಧ್ಯವಿಲ್ಲ.

5. ಪರಿಸರದಲ್ಲಿ ಪಾದರಸದ ಸಂಚಾರ

ಗಾಳಿಗೆ ಸೇರಿದ ಪಾದರಸದ ಆವಿಯು ತಿಂಗಳುಗಟ್ಟಲೆ ವಾತಾವರಣದಲ್ಲಿದ್ದು ಬಹುದೂರ ಚಲಿಸಬಲ್ಲದು. ನಂತರ ಮಳೆಯೊಂದಿಗೆ ಅಥವಾ ದೂಳಿನೊಂದಿಗೆ ನೆಲಕ್ಕೆ, ನೀರಿಗೆ ಇಳಿಯುತ್ತದೆ. ಕೆರೆ, ನದಿ, ಗದ್ದೆ ಮತ್ತು ಜೌಗು ಪ್ರದೇಶಗಳ ಕೆಸರಿನಲ್ಲಿ ಆಮ್ಲಜನಕ ಕಡಿಮೆ ಇರುವೆಡೆ ವಾಸಿಸುವ ಕೆಲವು ಸೂಕ್ಷ್ಮಜೀವಿಗಳು ಈ ಪಾದರಸವನ್ನು ಮೀಥೈಲ್ ಪಾದರಸವನ್ನಾಗಿ ಮಾರ್ಪಡಿಸುತ್ತವೆ. ಇದು ಪಾದರಸದ ರೂಪಗಳಲ್ಲಿಯೇ ಅತ್ಯಂತ ಅಪಾಯಕಾರಿಯಾದುವುಗಳಲ್ಲಿ ಒಂದು.

ಮೀಥೈಲ್ ಪಾದರಸವು ಪಾಚಿಯಿಂದ ಹುಳುವಿಗೆ, ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ದಾಟುತ್ತಾ ಪ್ರತಿ ಹಂತದಲ್ಲಿಯೂ ಸಾಂದ್ರವಾಗುತ್ತದೆ. ನೀರಿನಲ್ಲಿ ಅಳತೆಗೂ ಸಿಗದಷ್ಟು ಅಲ್ಪವಾಗಿದ್ದ ಪಾದರಸವು ಮೀನು ತಿನ್ನುವ ದೊಡ್ಡ ಮೀನಿನಲ್ಲಿ ಲಕ್ಷಾಂತರ ಪಟ್ಟು ಹೆಚ್ಚಾಗಿರಬಹುದು. ಇದು ಮಾಂಸದಲ್ಲಿಯೇ ಸೇರಿರುವುದರಿಂದ ತೊಳೆಯುವುದರಿಂದಾಗಲಿ, ಬೇಯಿಸುವುದರಿಂದಾಗಲಿ, ಹುರಿಯುವುದರಿಂದಾಗಲಿ ಹೋಗುವುದಿಲ್ಲ.

ಪಾದರಸ ಬೆರೆತ ಮಣ್ಣಿನಲ್ಲಿ ಉಳಿದ ಚಿನ್ನವನ್ನು ತೆಗೆಯಲು ಮತ್ತೆ ಸೈನೈಡ್ ಸೇರಿಸುವುದು ಇನ್ನೂ ಅಪಾಯಕಾರಿ. ಸೈನೈಡ್ ಪಾದರಸವನ್ನು ಕರಗಿಸಿ ನೀರಿನೊಂದಿಗೆ ಸುಲಭವಾಗಿ ಹರಿಯುವಂತೆ ಮಾಡುತ್ತದೆ.

6. ಒಂದು ಸರಳ ಲೆಕ್ಕ

ಸ್ವಲ್ಪ ಪಾದರಸದಿಂದ ಏನಾದೀತು ಎಂಬ ಭಾವನೆ ಸಾಮಾನ್ಯವಾಗಿದೆ. ಆದುದರಿಂದ ಈ ಕೆಳಕಂಡ ಲೆಕ್ಕವನ್ನು ಉದಾಹರಣೆಯಾಗಿ ನೀಡಲಾಗಿದೆ.

- ಹಿಂಡಿ ತೆಗೆದ ಅಮಾಲ್ಗಂ ಉಂಡೆಯ ತೂಕ: 10 ಗ್ರಾಂ
- ಅದರಲ್ಲಿರುವ ಚಿನ್ನ: 6 ಗ್ರಾಂ
- ಅದರಲ್ಲಿರುವ ಪಾದರಸ: 4 ಗ್ರಾಂ, ಅಂದರೆ 4,000 ಮಿಲಿಗ್ರಾಂ
- ಭಾರತೀಯ ಮಾನಕದಂತೆ (ಐ.ಎಸ್. 10500) ಕುಡಿಯುವ ನೀರಿನಲ್ಲಿ ಪಾದರಸದ ಗರಿಷ್ಠ ಮಿತಿ: ಪ್ರತಿ ಲೀಟರಿಗೆ 0.001 ಮಿಲಿಗ್ರಾಂ
- 4 ಗ್ರಾಂ ಪಾದರಸವು ಮಿತಿಯ ಮಟ್ಟಕ್ಕೆ ತರಬಲ್ಲ ನೀರಿನ ಪ್ರಮಾಣ: 40 ಲಕ್ಷ ಲೀಟರ್
- 10,000 ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ: 400 ಟ್ಯಾಂಕರ್

ವಾಸ್ತವದಲ್ಲಿ ಪಾದರಸವು ನೀರಿನಲ್ಲಿ ಹೀಗೆ ಸಮನಾಗಿ ಬೆರೆಯುವುದಿಲ್ಲ. ಸ್ವಲ್ಪ ಭಾಗ ಗಾಳಿಯಲ್ಲಿ, ಸ್ವಲ್ಪ ಭಾಗ ಕೆಸರಿನಲ್ಲಿ ಇರುತ್ತದೆ. ಆದರೂ ಪ್ರಮಾಣವನ್ನು ಗ್ರಹಿಸಲು ಈ ಲೆಕ್ಕ ಸಹಾಯಕವಾಗಿದೆ. 6 ಗ್ರಾಂ ಚಿನ್ನವು ಒಬ್ಬರ ಜಮೆಗೆ ಬರುತ್ತದೆ. 4 ಗ್ರಾಂ ಪಾದರಸದ ಖರ್ಚು ಮಾತ್ರ ಇಡೀ ಊರಿನ ಹೆಸರಿಗೆ ಬೀಳುತ್ತದೆ, ಮತ್ತು ಅದನ್ನು ಯಾವ ಪುಸ್ತಕದಲ್ಲಿಯೂ ಬರೆಯುವುದಿಲ್ಲ.

7. ಆರೋಗ್ಯದ ಮೇಲಿನ ಪರಿಣಾಮಗಳು

(ಅ) ಆವಿಯಿಂದ: ಉಸಿರಾಡಿದ ಪಾದರಸದ ಆವಿಯಲ್ಲಿ ಸುಮಾರು 80 ಶೇಕಡಾ ಭಾಗವು ಶ್ವಾಸಕೋಶದ ಮೂಲಕ ರಕ್ತಕ್ಕೆ ಸೇರಿ ಮಿದುಳು ಮತ್ತು ಮೂತ್ರಪಿಂಡಗಳನ್ನು ತಲುಪುತ್ತದೆ. ಕೈ ನಡುಗುವುದು, ನಿದ್ರೆ ಬಾರದಿರುವುದು, ಮರೆವು, ವಿನಾಕಾರಣ ಸಿಟ್ಟು ಅಥವಾ ಸಂಕೋಚ, ವಸಡು ಊದಿಕೊಳ್ಳುವುದು, ತಲೆನೋವು ಇದರ ಲಕ್ಷಣಗಳು. ಮುಚ್ಚಿದ ಕೋಣೆಯಲ್ಲಿ ಹೆಚ್ಚು ಆವಿ ಉಸಿರಾಡಿದಲ್ಲಿ ಶ್ವಾಸಕೋಶಕ್ಕೆ ತೀವ್ರ ಹಾನಿಯಾಗಿ ಸಾವು ಸಂಭವಿಸಬಹುದು.

(ಆ) ಆಹಾರದಿಂದ: ಮೀಥೈಲ್ ಪಾದರಸವು ಆಹಾರದ ಮೂಲಕ ಬಹುತೇಕ ಪೂರ್ಣವಾಗಿ ರಕ್ತಕ್ಕೆ ಸೇರುತ್ತದೆ. ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ದೃಷ್ಟಿಯ ವ್ಯಾಪ್ತಿ ಕುಗ್ಗುವುದು, ಮಾತು ಮತ್ತು ಕಿವಿ ಮಂದವಾಗುವುದು ಇದರ ಲಕ್ಷಣಗಳು.

(ಇ) ಗರ್ಭಿಣಿಯರು ಮತ್ತು ಮಕ್ಕಳು: ಮೀಥೈಲ್ ಪಾದರಸ ಮತ್ತು ಪಾದರಸದ ಆವಿ ಎರಡೂ ತಾಯಿಯಿಂದ ಗರ್ಭಸ್ಥ ಶಿಶುವಿಗೆ ದಾಟುತ್ತವೆ. ಬೆಳೆಯುತ್ತಿರುವ ಮಿದುಳಿಗೆ ಆಗುವ ಹಾನಿ ಸರಿಪಡಿಸಲಾಗದಂತಹುದು. ತಾಯಿಯಲ್ಲಿ ಯಾವ ಲಕ್ಷಣವೂ ಕಾಣದಿದ್ದರೂ ಮಗುವಿಗೆ ತೊಂದರೆಯಾಗಬಹುದು. ಮನೆಯಲ್ಲಿ ಅಮಾಲ್ಗಂ ಕಾಸುವ ಕುಟುಂಬಗಳಲ್ಲಿ ಚಿನ್ನವನ್ನು ಮುಟ್ಟದೆ ಪಕ್ಕದಲ್ಲಿ ಅಡುಗೆ ಮಾಡುವ ಗೃಹಿಣಿ ಮತ್ತು ನೆಲದ ಮೇಲೆ ಆಡುವ ಮಗು, ಕಸುಬುದಾರನಷ್ಟೇ ಅಪಾಯಕ್ಕೆ ಗುರಿಯಾಗುತ್ತಾರೆ. ಆವಿಯು ಗೋಡೆ, ಮಾಡು, ಬಟ್ಟೆ, ಹಾಸಿಗೆಗಳಲ್ಲಿ ಕುಳಿತು ಬೆಂಕಿ ಆರಿದ ನಂತರವೂ ಮತ್ತೆ ಗಾಳಿಗೆ ಬರುತ್ತಿರುತ್ತದೆ.

ಮೇಲ್ಕಂಡ ಲಕ್ಷಣಗಳು ಇತರ ಕಾಯಿಲೆಗಳಲ್ಲಿಯೂ ಕಾಣುವುದರಿಂದ, ವೈದ್ಯರಲ್ಲಿಗೆ ಹೋದಾಗ ಕಸುಬಿನ ವಿವರವನ್ನು ಮರೆಮಾಚದೆ ತಿಳಿಸತಕ್ಕದ್ದು. ಆವಿಯ ಪರಿಣಾಮವನ್ನು ಮೂತ್ರ ಪರೀಕ್ಷೆಯಿಂದ, ಮೀಥೈಲ್ ಪಾದರಸವನ್ನು ರಕ್ತ ಅಥವಾ ಕೂದಲಿನ ಪರೀಕ್ಷೆಯಿಂದ ತಿಳಿಯಬಹುದು. ಮೊದಲ ಚಿಕಿತ್ಸೆಯೆಂದರೆ ಪಾದರಸದ ಸಂಪರ್ಕದಿಂದ ದೂರವಾಗುವುದು. ವೈದ್ಯರ ಸಲಹೆ ಇಲ್ಲದೆ ಯಾವುದೇ ಔಷಧಿ ಸೇವಿಸಬಾರದು.

8. ಇತರ ದೇಶಗಳ ಅನುಭವ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1848ರಲ್ಲಿ ಚಿನ್ನ ಪತ್ತೆಯಾದ ನಂತರ ಬೆಟ್ಟಗಳನ್ನು ನೀರಿನ ರಭಸದಿಂದ ಕೊರೆದು, ಮರದ ಕಾಲುವೆಗಳಲ್ಲಿ ಪಾದರಸ ಸುರಿದು ಚಿನ್ನ ತೆಗೆಯಲಾಯಿತು. ಕೊಚ್ಚಿಹೋದ ಮಣ್ಣಿನಿಂದ ಕೆಳಗಿನ ರೈತರ ಜಮೀನುಗಳು ಹೂತುಹೋದ ಕಾರಣ 1884ರಲ್ಲಿ ನ್ಯಾಯಾಲಯವು ಮಣ್ಣನ್ನು ನದಿಗೆ ಬಿಡುವುದನ್ನು ತಡೆಯಿತು. ಆ ಕಾಲದಲ್ಲಿ ನದಿಗಳಿಗೆ ಸೇರಿದ ಸಾವಿರಾರು ಟನ್ ಪಾದರಸ ಇಂದಿಗೂ ಅಲ್ಲಿನ ಕೆಸರಿನಲ್ಲಿದೆ. ಚಿನ್ನ ತೆಗೆದವರು ತೀರಿಹೋಗಿ ತಲೆಮಾರುಗಳು ಕಳೆದರೂ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಕೆಲವು ಮೀನುಗಳನ್ನು ಮಿತವಾಗಿ ತಿನ್ನುವಂತೆ ಅಲ್ಲಿನ ಆಡಳಿತವು ಸೂಚನೆ ನೀಡುತ್ತಲೇ ಇದೆ.

ಜಪಾನಿನ ಮಿನಮಾಟ ಪಟ್ಟಣದ ದುರಂತವು ಚಿನ್ನಕ್ಕೆ ಸಂಬಂಧಿಸಿದುದಲ್ಲ. ಅಲ್ಲಿ ರಾಸಾಯನಿಕ ಕಾರ್ಖಾನೆಯೊಂದು 1932ರಿಂದ 1968ರವರೆಗೆ ಮೀಥೈಲ್ ಪಾದರಸ ಬೆರೆತ ತ್ಯಾಜ್ಯವನ್ನು ಸಮುದ್ರಕ್ಕೆ ಬಿಟ್ಟಿತು. ಮೀನು ತಿಂದ ಬೆಕ್ಕುಗಳು ಮೊದಲು ನಡುಗಿ ಸತ್ತವು. ನಂತರ ಮೀನುಗಾರರ ಕುಟುಂಬಗಳು ರೋಗಕ್ಕೆ ತುತ್ತಾದವು. ರೋಗವನ್ನು ಅಧಿಕೃತವಾಗಿ ಗುರುತಿಸಿದ್ದು 1956ರ ಮೇ 1ರಂದು. ಮೀನಿನ ಮೂಲಕ ಪಾದರಸವು ಮನುಷ್ಯನನ್ನು ತಲುಪಿದಾಗ ಏನಾಗುತ್ತದೆ ಎಂಬುದನ್ನು ಪ್ರಪಂಚ ಅರಿತಿದ್ದು ಇಲ್ಲಿಂದ.

ಪೆರು ದೇಶದ ಅಮೆಜಾನ್ ಪ್ರದೇಶದಲ್ಲಿರುವ ಮಾದ್ರೆ ದೆ ದಿಯೋಸ್ ಪ್ರಾಂತ್ಯದಲ್ಲಿ ಚಿನ್ನದ ಸಣ್ಣ ಗಣಿಗಳಿಂದ ಹಬ್ಬಿದ ಪಾದರಸ ಮಾಲಿನ್ಯದ ಕಾರಣ 2016ರ ಮೇ ತಿಂಗಳಲ್ಲಿ ಸರ್ಕಾರವು 60 ದಿನಗಳ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2015ರಲ್ಲಿ ಮಾನವ ಚಟುವಟಿಕೆಗಳಿಂದ ಗಾಳಿಗೆ ಸೇರಿದ ಪಾದರಸ ಸುಮಾರು 2,220 ಟನ್. ಇದರಲ್ಲಿ ಸುಮಾರು 38 ಶೇಕಡಾ ಭಾಗ ಚಿನ್ನದ ಸಣ್ಣ ಗಣಿಗಳಿಂದಲೇ ಬಂದಿತು.

9. ಮಿನಮಾಟ ಒಪ್ಪಂದ

ಪಾದರಸದ ಬಳಕೆಯನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವನ್ನು 2013ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಅಂಗೀಕರಿಸಲಾಯಿತು. ಇದು 2017ರ ಆಗಸ್ಟ್ 16ರಿಂದ ಜಾರಿಗೆ ಬಂದಿದೆ. ಭಾರತವು 2014ರಲ್ಲಿ ಸಹಿ ಮಾಡಿ 2018ರ ಜೂನ್‌ನಲ್ಲಿ ಸ್ಥಿರೀಕರಿಸಿದೆ. ಒಪ್ಪಂದದ 7ನೇ ಅನುಚ್ಛೇದವು ಚಿನ್ನದ ಸಣ್ಣ ಗಣಿಗಾರಿಕೆಗೆ ಸಂಬಂಧಿಸಿದೆ. ಇಂತಹ ಗಣಿಗಾರಿಕೆ ಗಣನೀಯ ಪ್ರಮಾಣದಲ್ಲಿರುವ ದೇಶಗಳು ತಮ್ಮ ಕ್ರಿಯಾಯೋಜನೆಯಲ್ಲಿ ಈ ಕೆಳಕಂಡ ನಾಲ್ಕು ಪದ್ಧತಿಗಳ ನಿರ್ಮೂಲನೆಗೆ ಕ್ರಮಗಳನ್ನು ಸೇರಿಸಬೇಕಾಗಿರುತ್ತದೆ.

- ಇಡೀ ಅದಿರಿಗೆ ಪಾದರಸ ಬೆರೆಸುವುದು
- ಅಮಾಲ್ಗಮನ್ನು ತೆರೆದ ಬೆಂಕಿಯಲ್ಲಿ ಕಾಸುವುದು
- ವಸತಿ ಪ್ರದೇಶಗಳಲ್ಲಿ ಅಮಾಲ್ಗಂ ಕಾಸುವುದು
- ಪಾದರಸ ಸೇರಿದ ಅದಿರು ಅಥವಾ ಮಣ್ಣಿಗೆ, ಪಾದರಸವನ್ನು ಮೊದಲು ತೆಗೆಯದೆ ಸೈನೈಡ್ ಬಳಸುವುದು

10. ಪಾದರಸರಹಿತ ವಿಧಾನಗಳು

(ಅ) ಜಾಲಿಸುವುದು, ಇಳಿಜಾರಿನ ಕಾಲುವೆಯಲ್ಲಿ ಒರಟು ಬಟ್ಟೆ ಹಾಸಿ ಹರಿಸುವುದು, ಅಲುಗುವ ಮೇಜು ಮತ್ತು ತಿರುಗುವ ಯಂತ್ರಗಳಿಂದ ಭಾರದ ಕಣಗಳನ್ನು ಬೇರ್ಪಡಿಸುವುದು. ಇವೆಲ್ಲವೂ ತೂಕದ ವ್ಯತ್ಯಾಸವನ್ನು ಆಧರಿಸಿದ ವಿಧಾನಗಳು.

(ಆ) ಬಿಳಿಗಾರದ ವಿಧಾನ: ಚೆನ್ನಾಗಿ ತೊಳೆದು ಸಾಂದ್ರಗೊಳಿಸಿದ ಪುಡಿಗೆ ಬಿಳಿಗಾರ ಸೇರಿಸಿ ಕರಗಿಸಿದರೆ ಕಿಟ್ಟ ಬೇರೆಯಾಗಿ ಚಿನ್ನ ತಳದಲ್ಲಿ ನಿಲ್ಲುತ್ತದೆ. ಫಿಲಿಪ್ಪೀನ್ಸ್ ದೇಶದ ಬೆಂಗೆಟ್ ಪ್ರಾಂತ್ಯದ ಸಣ್ಣ ಗಣಿಗಾರರು ಇದನ್ನು ದಶಕಗಳಿಂದ ಅನುಸರಿಸುತ್ತಿದ್ದಾರೆ. ಬಿಳಿಗಾರವು ನಮ್ಮ ಅಕ್ಕಸಾಲಿಗರಿಗೆ ಬೆಸುಗೆಯ ಕೆಲಸದಲ್ಲಿ ಚಿರಪರಿಚಿತ ವಸ್ತು.

(ಇ) ಅಂಗಡಿಯ ದೂಳು ಮತ್ತು ಉಜ್ಜಿದ ಪುಡಿಯನ್ನು ಸ್ವತಃ ಸಂಸ್ಕರಿಸದೆ, ಅಗತ್ಯ ಸಮ್ಮತಿ ಹೊಂದಿರುವ ಶುದ್ಧೀಕರಣ ಘಟಕಕ್ಕೆ ನೀಡುವುದು.

ಕೆಲವು ದೇಶಗಳಲ್ಲಿ ಆವಿಯನ್ನು ತಂಪಾಗಿಸಿ ಮತ್ತೆ ಪಾದರಸವನ್ನು ಹಿಡಿಯುವ ಮುಚ್ಚಿದ ಭಟ್ಟಿಗಳು ಬಳಕೆಯಲ್ಲಿವೆ. ಇವು ಸೋರಿಕೆಯನ್ನು ಬಹಳ ಮಟ್ಟಿಗೆ ತಗ್ಗಿಸುತ್ತವೆ. ಆದರೆ ಇದು ಅಪಾಯವನ್ನು ಕಡಿಮೆ ಮಾಡುವ ಕ್ರಮವೇ ಹೊರತು ಪರಿಹಾರವಲ್ಲ. ಭಟ್ಟಿಯನ್ನು ಪೂರ್ಣ ತಣಿಯುವ ಮೊದಲು ತೆರೆದರೆ ಆವಿಯು ನೇರವಾಗಿ ಮುಖಕ್ಕೆ ಬರುತ್ತದೆ.

11. ಸಂಬಂಧಿಸಿದ ಕಾನೂನುಗಳು

(ಅ) ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1957: ಚಿನ್ನವು ಪ್ರಧಾನ ಖನಿಜವಾಗಿದೆ. ಜಮೀನು ಸ್ವಂತದ್ದಾಗಿದ್ದರೂ ಗಣಿ ಗುತ್ತಿಗೆ ಇಲ್ಲದೆ ಗಣಿಗಾರಿಕೆ ನಡೆಸುವಂತಿಲ್ಲ. 2015ರ ತಿದ್ದುಪಡಿಯ ನಂತರ ಖಾಸಗಿಯವರಿಗೆ ಗುತ್ತಿಗೆಯನ್ನು ಸಾಮಾನ್ಯವಾಗಿ ಹರಾಜಿನ ಮೂಲಕ ನೀಡಲಾಗುತ್ತದೆ. ಅಕ್ರಮ ಗಣಿಗಾರಿಕೆಗೆ 5 ವರ್ಷಗಳವರೆಗೆ ಸೆರೆವಾಸ ಮತ್ತು ಪ್ರತಿ ಹೆಕ್ಟೇರಿಗೆ 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ.

(ಆ) ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974, ವಾಯು (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1981 ಮತ್ತು ಪರಿಸರ (ಸಂರಕ್ಷಣೆ) ಅಧಿನಿಯಮ, 1986: ವಿಷಕಾರಿ ಪದಾರ್ಥಗಳನ್ನು ನೀರಿಗೆ ಅಥವಾ ಗಾಳಿಗೆ ಬಿಡುವುದು ಈ ಕಾನೂನುಗಳ ನಿಯಂತ್ರಣಕ್ಕೆ ಒಳಪಟ್ಟಿದೆ.

(ಇ) ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳು, 2016: ಘಟಕಗಳಲ್ಲಿ ಉಂಟಾಗುವ ಪಾದರಸಯುಕ್ತ ಅಪಾಯಕಾರಿ ತ್ಯಾಜ್ಯವನ್ನು ಅಧಿಕೃತ ವ್ಯವಸ್ಥೆಯ ಮೂಲಕವೇ ವಿಲೇವಾರಿ ಮಾಡತಕ್ಕದ್ದು.

(ಈ) ಕಾರ್ಮಿಕ ಕಾನೂನುಗಳಲ್ಲಿ ಪಾದರಸದ ವಿಷಬಾಧೆಯನ್ನು ಕೆಲಸದಿಂದ ಬರುವ ರೋಗವೆಂದು ಗುರುತಿಸಲಾಗಿದೆ. ಬಾಧಿತ ಕೆಲಸಗಾರರು ಕಾರ್ಮಿಕ ಇಲಾಖೆಯನ್ನು ಸಂಪರ್ಕಿಸಬಹುದು.

12. ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು

- ಮನೆಯೊಳಗೆ, ಅಡುಗೆಯ ಒಲೆಯಲ್ಲಿ ಅಥವಾ ಜನವಸತಿಯ ಬಳಿ ಅಮಾಲ್ಗಂ ಕಾಸಬಾರದು.
- ಪಾದರಸ ತಗುಲಿದ ಪಾತ್ರೆಯನ್ನು ಅಡುಗೆಗೆ ಬಳಸಬಾರದು. ಕೆಲಸದ ಬಟ್ಟೆಯನ್ನು ಇತರ ಬಟ್ಟೆಗಳೊಂದಿಗೆ ಒಗೆಯಬಾರದು.
- ಪಾದರಸವನ್ನು ಬಚ್ಚಲು, ಚರಂಡಿ, ಕೆರೆ ಅಥವಾ ಬಾವಿಗೆ ಸುರಿಯಬಾರದು, ಕಸದೊಂದಿಗೆ ಸುಡಬಾರದು.
- ಪಾದರಸ ಚೆಲ್ಲಿದಲ್ಲಿ ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆದು, ಫ್ಯಾನ್ ನಿಲ್ಲಿಸತಕ್ಕದ್ದು. ಪೊರಕೆಯಿಂದ ಗುಡಿಸಿದರೆ ಹನಿಗಳು ಒಡೆದು ಹರಡುತ್ತವೆ. ದಪ್ಪ ಕಾಗದದಿಂದ ಹನಿಗಳನ್ನು ಒಂದೆಡೆ ಸೇರಿಸಿ, ನೀರಿರುವ ಬಿಗಿ ಮುಚ್ಚಳದ ಸೀಸೆಗೆ ಹಾಕತಕ್ಕದ್ದು.
- ಮುಚ್ಚಿದ ಗಣಿ ಬಾವಿಗಳಿಗೆ ಇಳಿಯುವುದು ಹಾಗೂ ಗಣಿ ತ್ಯಾಜ್ಯದ ಗುಡ್ಡಗಳಿಂದ ಮಣ್ಣು ತರುವುದು ಪ್ರಾಣಾಪಾಯಕಾರಿ ಮತ್ತು ಕಾನೂನುಬಾಹಿರ.

13. ಅರ್ಜಿ ಮತ್ತು ದೂರು ಸಲ್ಲಿಸುವ ಕ್ರಮ

ಪಾದರಸದ ಬಳಕೆಯಿಂದ ನೀರು ಅಥವಾ ಗಾಳಿ ಕೆಡುತ್ತಿದೆ ಎಂಬ ದೂರನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಂಬಂಧಿಸಿದ ಪ್ರಾದೇಶಿಕ ಕಚೇರಿಗೆ ಬಿಳಿ ಹಾಳೆಯಲ್ಲಿ ಬರೆದು ಸಲ್ಲಿಸಬಹುದು. ಅಕ್ರಮ ಗಣಿಗಾರಿಕೆಯ ಬಗ್ಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಅಥವಾ ತಹಶೀಲ್ದಾರರಿಗೆ ದೂರು ನೀಡಬಹುದು. ದೂರಿನಲ್ಲಿ ಈ ಕೆಳಕಂಡ ವಿವರಗಳಿದ್ದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.

- ಸ್ಥಳ (ಗ್ರಾಮ, ತಾಲ್ಲೂಕು, ಸರ್ವೆ ನಂಬರ್ ಅಥವಾ ಬೀದಿ)
- ಚಟುವಟಿಕೆ ನಡೆಯುವ ದಿನ ಮತ್ತು ವೇಳೆ
- ತ್ಯಾಜ್ಯ ನೀರು ಹರಿದು ಸೇರುವ ಜಾಗ. ಹತ್ತಿರದ ಬಾವಿ, ಶಾಲೆ, ಅಂಗನವಾಡಿಗಳ ವಿವರ
- ಇದ್ದಲ್ಲಿ ಛಾಯಾಚಿತ್ರ

ದೂರುದಾರರು ತಾವೇ ಪಾದರಸ ಅಥವಾ ಕಲುಷಿತ ಮಣ್ಣಿನ ಮಾದರಿ ಸಂಗ್ರಹಿಸಬಾರದು. ದೂರು ಸಲ್ಲಿಸಿದಾಗ ಸ್ವೀಕೃತಿ ಪಡೆಯತಕ್ಕದ್ದು. ಕ್ರಮದ ವಿವರವನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಪಡೆಯಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ. ಆಭರಣ ತಯಾರಿಕೆ ಅಥವಾ ಚಿನ್ನ ಶುದ್ಧೀಕರಣ ಘಟಕ ಆರಂಭಿಸುವವರು ಯಾವ ವರ್ಗದ ಸಮ್ಮತಿ ಅಗತ್ಯ ಎಂಬುದನ್ನು ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಮುಂಚಿತವಾಗಿ ತಿಳಿದುಕೊಳ್ಳತಕ್ಕದ್ದು.

14. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಕಿಟಕಿ ತೆರೆದು ಕಾಸಿದರೆ ಸಾಲದೆ?
ಉತ್ತರ: ಸಾಲದು. ಬಟ್ಟೆ ಮತ್ತು ಸಾಧಾರಣ ಮುಖಗವಸು ದೂಳನ್ನು ತಡೆಯಬಲ್ಲವು, ಆವಿಯನ್ನು ತಡೆಯಲಾರವು. ಕಿಟಕಿಯಿಂದ ಹೊರಹೋದ ಆವಿ ನೆರೆಮನೆಯನ್ನು ತಲುಪುತ್ತದೆ.

ಪ್ರಶ್ನೆ: ಚಿನ್ನದ ಒಡವೆ ಧರಿಸುವವರಿಗೆ ಪಾದರಸದ ಅಪಾಯವಿದೆಯೇ?
ಉತ್ತರ: ಸರಿಯಾಗಿ ಶುದ್ಧೀಕರಿಸಿದ ಚಿನ್ನದ ಒಡವೆಯಿಂದ ಇಂತಹ ಅಪಾಯವಿಲ್ಲ.

ಪ್ರಶ್ನೆ: ಒಡೆದ ಥರ್ಮಾಮೀಟರಿನ ಪಾದರಸ ತಾಗಿ ಉಂಗುರ ಬಿಳಿಯಾಗಿದೆ. ಏನು ಮಾಡಬೇಕು?
ಉತ್ತರ: ಚಿನ್ನದ ಮೇಲೆ ಅಮಾಲ್ಗಂ ಉಂಟಾಗಿರುವುದೇ ಇದಕ್ಕೆ ಕಾರಣ. ಉಂಗುರವನ್ನು ಧರಿಸದೆ, ಮನೆಯಲ್ಲಿ ಕಾಸದೆ, ಮುಚ್ಚಿದ ಡಬ್ಬಿಯಲ್ಲಿಟ್ಟು ಪಾದರಸ ತಗುಲಿದೆ ಎಂಬುದನ್ನು ತಿಳಿಸಿಯೇ ಶುದ್ಧೀಕರಣ ಘಟಕಕ್ಕೆ ನೀಡತಕ್ಕದ್ದು.

ಪ್ರಶ್ನೆ: ಹಾಗಾದರೆ ಮೀನು ತಿನ್ನುವುದನ್ನು ಬಿಡಬೇಕೇ?
ಉತ್ತರ: ಬಿಡಬೇಕಾಗಿಲ್ಲ. ಮೀನು ಪೌಷ್ಟಿಕ ಆಹಾರ. ಬೂತಾಯಿ, ಬಂಗುಡೆಯಂತಹ ಸಣ್ಣ ಮೀನುಗಳಲ್ಲಿ ಪಾದರಸ ಸಾಮಾನ್ಯವಾಗಿ ಕಡಿಮೆ. ಶಾರ್ಕ್‌ನಂತಹ ದೊಡ್ಡ ಬೇಟೆಗಾರ ಮೀನುಗಳನ್ನು ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಚಿಕ್ಕ ಮಕ್ಕಳು ತಿನ್ನದಿರುವುದು ಒಳಿತು.

ಪ್ರಶ್ನೆ: ಹಿರಿಯರ ಕಾಲದ ಪಾದರಸದ ಸೀಸೆ ಮನೆಯಲ್ಲಿದೆ. ಏನು ಮಾಡಬೇಕು?
ಉತ್ತರ: ತೆರೆಯದೆ, ಒಡೆಯದ ಮತ್ತೊಂದು ಡಬ್ಬಿಯೊಳಗಿಟ್ಟು, ಹೊರಗೆ "ಪಾದರಸ – ವಿಷ" ಎಂದು ಬರೆದು ಮಕ್ಕಳ ಕೈಗೆ ಸಿಗದಂತೆ ಇಡತಕ್ಕದ್ದು. ವಿಲೇವಾರಿಗಾಗಿ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯನ್ನು ಅಥವಾ ಸ್ಥಳೀಯ ಸಂಸ್ಥೆಯನ್ನು ಸಂಪರ್ಕಿಸತಕ್ಕದ್ದು.

ಪ್ರಶ್ನೆ: ತಂದೆ, ತಾತಂದಿರು ಇದೇ ಕೆಲಸ ಮಾಡಿದರು, ಅವರಿಗೆ ಏನೂ ಆಗಲಿಲ್ಲವಲ್ಲ?
ಉತ್ತರ: ಪಾದರಸದ ಪರಿಣಾಮವು ಒಂದೇ ದಿನದಲ್ಲಿ ಕಾಣಿಸುವುದಿಲ್ಲ. ಕೈ ನಡುಕ, ಮರೆವು, ನಿದ್ರಾಹೀನತೆಗಳನ್ನು ವಯಸ್ಸಿನ ದೋಷವೆಂದು ತಿಳಿದು ಸುಮ್ಮನಿರುವುದು ಸಾಮಾನ್ಯ. ಹಿರಿಯರಿಗೆ ತಿಳಿಯದಿದ್ದ ವಿಷಯವು ಇಂದು ತಿಳಿದಿರುವುದರಿಂದ ಮುಂದಿನ ಪೀಳಿಗೆಯನ್ನು ರಕ್ಷಿಸುವುದು ನಮ್ಮೆಲ್ಲರ ಹೊಣೆಯಾಗಿದೆ.

15. ಮುಕ್ತಾಯ

ಚಿನ್ನದ ಕಸುಬು ಗೌರವದ ಕಸುಬು. ಅದನ್ನು ನಿಲ್ಲಿಸುವುದು ಈ ಮಾಹಿತಿಯ ಉದ್ದೇಶವಲ್ಲ. ಕಸುಬುದಾರರು ಮತ್ತು ಅವರ ಕುಟುಂಬದವರು ಆರೋಗ್ಯದಿಂದಿದ್ದು ಕಸುಬನ್ನು ಮುಂದುವರಿಸಲಿ ಎಂಬುದೇ ಉದ್ದೇಶ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದು, ಓದಲು ಬಾರದ ನೆರೆಹೊರೆಯವರಿಗೂ ಓದಿ ಹೇಳಬೇಕೆಂದು ಕೋರಲಾಗಿದೆ.